ಕೈಗಾ ಅಣುಸ್ಥಾವರವನ್ನು ಐಎಇಎ ತಪಾಸಣೆ ಮಾಡುತ್ತದೆಯೇ?

ಕೈಗಾದಲ್ಲಿ ಇನ್ನೂ ಎರಡು ಘಟಕ ಬರುತ್ತಿವೆ, ಆದರೆ ವಿಯೆನ್ನಾದ ಅಂತಾರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು (ಐಎಇಎ) ಎಲ್ಲವನ್ನೂ ನೋಡಿಕೊಳ್ಳುವಾಗ ಭಯ ಯಾಕೆ ಎಂದು ಕೇಳಿದ್ದೀರಿ. ನಾನು ಕಾಳಿ ನದಿಯ ದಂಡೆಯಲ್ಲೇ ಹುಟ್ಟಿ ಬೆಳೆದವನು. ಇದೇ ನಂಬಿಕೆ ನಮ್ಮ ಕಡೆಯೂ ಬಹಳ ಜನರಿಗಿದೆ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ನೇರ ಉತ್ತರ. ಈಗ ನಡೆಯುತ್ತಿರುವ ಕೈಗಾದ ನಾಲ್ಕೂ ಘಟಕಗಳು (ತಲಾ 220 ಮೆಗಾವಾಟ್) ಐಎಇಎ ತಪಾಸಣೆಯ ಪಟ್ಟಿಯಲ್ಲಿಲ್ಲ. ಅಮೆರಿಕದ ಜೊತೆ ಅಣು ಒಪ್ಪಂದ ಆಗುವಾಗ ಭಾರತ ತನ್ನ ಸ್ಥಾವರಗಳನ್ನು ಎರಡು ಪಾಲು ಮಾಡಿತು. ರಾವತಭಾಟಾ, ನರೋರಾ, ಕಾಕ್ರಾಪಾರ, ಕೂಡಂಕುಳಂ, ತಾರಾಪುರದ ಹಳೆಯ ಎರಡು ಘಟಕಗಳು ತಪಾಸಣೆಗೆ ಒಳಪಟ್ಟವು. ಕೈಗಾ, ಕಲ್ಪಾಕ್ಕಂ, ತಾರಾಪುರದ 3 ಮತ್ತು 4ನೇ ಘಟಕಗಳು ಹೊರಗುಳಿದವು. 2008ರ ಆಗಸ್ಟ್‌ನಲ್ಲಿ ಐಎಇಎ ಮಂಡಳಿ ಒಪ್ಪಿದ್ದು ಈ ವಿಂಗಡಣೆಯ ಮೇಲೆ ನಿಂತ ಒಪ್ಪಂದವನ್ನೇ. ಹೊರದೇಶದಿಂದ ಬಂದ ಯುರೇನಿಯಂ ಪಟ್ಟಿಯಲ್ಲಿರುವ ಘಟಕಗಳಿಗೆ ಮಾತ್ರ ಹೋಗುತ್ತದೆ. ಕೈಗಾ ನಡೆಯುವುದು ನಮ್ಮದೇ ನೆಲದ ಯುರೇನಿಯಂ ಮೇಲೆ.

ಹಾಗಾದರೆ ಕೈಗಾವನ್ನೂ ಪಟ್ಟಿಗೆ ಸೇರಿಸಿಬಿಟ್ಟರೆ ನಮ್ಮೂರು ಕ್ಷೇಮವೇ? ಅಲ್ಲೇ ಎಲ್ಲರೂ ಎಡವುವುದು.

ಐಎಇಎ ತಪಾಸಕರ ಕೆಲಸ ಲೆಕ್ಕಪತ್ರದ್ದು. ಎಷ್ಟು ಇಂಧನ ಒಳಗೆ ಹೋಯಿತು, ಬಳಸಿದ್ದು ಎಷ್ಟು ಹೊರಬಂತು, ಅದು ಈಗ ಬಳಸಿದ ಇಂಧನ ಇಡುವ ಯಾವ ನೀರಿನ ಕೊಳದಲ್ಲಿದೆ. ಒಂದು ಬಾಂಬಿಗೆ ಸಾಕಾಗಬಹುದಾದ 8 ಕಿಲೋ ಪ್ಲುಟೋನಿಯಂ ಕಣ್ತಪ್ಪಿಸಿ ಹೋಗಬಾರದು ಎಂಬುದು ಅವರ ಅಳತೆಗೋಲು. ಕೂಡಂಕುಳಂ ಥರದ ರಿಯಾಕ್ಟರಿನಲ್ಲಿ ಇದು ಸುಲಭ. ಇಂಧನ ಬದಲಿಸಬೇಕಾದರೆ ಯಂತ್ರ ನಿಲ್ಲಿಸಿ ದೊಡ್ಡ ಮುಚ್ಚಳ ತೆಗೆಯಬೇಕು, ಆ ಮುಚ್ಚಳಕ್ಕೆ ಸೀಲ್ ಹಾಕಿ ಕ್ಯಾಮೆರಾ ಇಟ್ಟರಾಯಿತು. ಕೈಗಾದಲ್ಲಿರುವಂಥ ಭಾರಜಲದ ರಿಯಾಕ್ಟರಿನಲ್ಲಿ ಹಾಗಲ್ಲ, ಅದು ನಡೆಯುತ್ತಿರುವಾಗಲೇ ಒಂದು ಕಡೆಯಿಂದ ಇಂಧನ ತಳ್ಳಿ ಇನ್ನೊಂದು ಕಡೆಯಿಂದ ತೆಗೆಯುತ್ತಾರೆ. ಅಲ್ಲಿ ಹೊರಬರುವ ಇಂಧನದ ಒಂದೊಂದು ಕಟ್ಟನ್ನೂ ಎಣಿಸುವ ಉಪಕರಣ ಬೇಕು. ಈ ಕೆಲಸವನ್ನು ಅವರು ಶ್ರದ್ಧೆಯಿಂದ ಮಾಡುತ್ತಾರೆ, ನನಗೆ ಅದರ ಬಗ್ಗೆ ಗೌರವವಿದೆ.

ಆದರೆ ಫುಕುಶಿಮಾವನ್ನು ನೆನೆಯಿರಿ. ಜಪಾನಿನಲ್ಲಿ ಐಎಇಎ ತಪಾಸಣೆ ಪೂರ್ತಿಯಾಗಿತ್ತು, ಇಂಧನದ ಲೆಕ್ಕ ಸರಿಯಿತ್ತು. 2011ರ ಮಾರ್ಚ್‌ನಲ್ಲಿ ಸಮುದ್ರ ತಡೆಗೋಡೆ ದಾಟಿ ಬಂತು. ಗೋಡೆ ಎಷ್ಟು ಎತ್ತರ ಇರಬೇಕು, ಡೀಸೆಲ್ ಜನರೇಟರ್ ಎಲ್ಲಿರಬೇಕು ಎಂದು ಆಜ್ಞೆ ಮಾಡುವ ಅಧಿಕಾರ ವಿಯೆನ್ನಾಕ್ಕೆ ಇರಲಿಲ್ಲ, ಇವತ್ತಿಗೂ ಇಲ್ಲ. 1994ರ ಅಣುಸುರಕ್ಷತಾ ಒಪ್ಪಂದಕ್ಕೆ ಸಹಿ ಹಾಕಿದ ದೇಶಗಳು ವರದಿ ಬರೆದು ಪರಸ್ಪರ ಓದಿ ಪ್ರಶ್ನೆ ಕೇಳುತ್ತವೆ. ಒಂದು ಸ್ಥಾವರವನ್ನು ನಿಲ್ಲಿಸು ಎನ್ನುವ ಬಾಯಿ ಆ ಒಪ್ಪಂದಕ್ಕಿಲ್ಲ. ಆ ಅಧಿಕಾರ ಆಯಾ ದೇಶದ ನಿಯಂತ್ರಕರದ್ದು.

ಕೈಗಾದ ಚರಿತ್ರೆಯೂ ಇದನ್ನೇ ತೋರಿಸುತ್ತದೆ. 1994ರ ಮೇನಲ್ಲಿ, ಕಟ್ಟುತ್ತಿದ್ದಾಗಲೇ, ರಿಯಾಕ್ಟರ್ ಕಟ್ಟಡದ ಗುಮ್ಮಟದ ಒಳಪದರ ಕಳಚಿ ಬಿತ್ತು. 2009ರಲ್ಲಿ ಕುಡಿಯುವ ನೀರಿನ ಕೂಲರಿನಲ್ಲಿ ಟ್ರಿಟಿಯಂ ಎಂಬ ವಿಕಿರಣ ಸೂಸುವ ವಸ್ತು ಸೇರಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹ ಹೊಕ್ಕಿತು. ಈ ಎರಡರಲ್ಲಿ ಯಾವುದೂ ಇಂಧನದ ಲೆಕ್ಕಪುಸ್ತಕದಲ್ಲಿ ಕಾಣುವಂಥದ್ದಲ್ಲ.

2047ಕ್ಕೆ 100 ಗಿಗಾವಾಟ್ ಅಣುವಿದ್ಯುತ್ ಎಂಬ ಗುರಿಯನ್ನು 2025ರ ಬಜೆಟ್‌ನಲ್ಲಿ ಘೋಷಿಸಿದ್ದಾರೆ. ನಾನು ಅಣುವಿದ್ಯುತ್ತಿನ ವಿರೋಧಿಯಲ್ಲ, ಕೈಗಾದ ಒಂದನೇ ಘಟಕ 962 ದಿನ ನಿಲ್ಲದೆ ನಡೆದು 2018ರಲ್ಲಿ ವಿಶ್ವದಾಖಲೆ ಮಾಡಿದಾಗ ನನಗೂ ಹೆಮ್ಮೆಯಾಗಿತ್ತು. ಆದರೆ ಕರೆದರೆ ಐಎಇಎಯ ಸುರಕ್ಷತಾ ತಂಡ ಬಂದು ನೋಡುತ್ತದೆ, 2012ರಲ್ಲಿ ರಾವತಭಾಟಾಕ್ಕೆ ಹಾಗೆ ಬಂದಿತ್ತು. ಹೊಸ 700 ಮೆಗಾವಾಟ್ ಘಟಕಗಳು ಶುರುವಾಗುವ ಮೊದಲು ಕೈಗಾಕ್ಕೂ ಅವರನ್ನು ಕರೆಯಲಿ, ಅವರ ವರದಿಯನ್ನು ಕನ್ನಡದಲ್ಲಿ ಕದ್ರಾ, ಮಲ್ಲಾಪುರದ ಜನರ ಕೈಗೆ ಕೊಡಲಿ. ನಿಮ್ಮ ಶಾಸಕರನ್ನೋ ಸಂಸದರನ್ನೋ ಕೇಳುವುದಿದ್ದರೆ ಇದನ್ನು ಕೇಳಿ.