“ನಿನಗೇನು ಕಣೋ, ನಿನ್ನದು ಸಲೀಸು”

ಆಕೆ ಟ್ರಾನ್ಸ್ ಮಹಿಳೆ, ಅಂದರೆ ಹುಟ್ಟಿದಾಗ ಗಂಡೆಂದು ಬರೆಸಿದ್ದ ಹೆಣ್ಣು. ಆತ ಟ್ರಾನ್ಸ್ ಪುರುಷ, ಹುಟ್ಟಿದಾಗ ಹೆಣ್ಣೆಂದು ಬರೆಸಿದ್ದ ಗಂಡು. ಒಂದೇ ಮನೆಯಲ್ಲಿರುವ ಗೆಳೆಯರು, ಹೆಚ್ಚುಕಡಿಮೆ ಒಟ್ಟಿಗೇ ಹಾರ್ಮೋನು ಚಿಕಿತ್ಸೆ (ಆಕೆಗೆ ಈಸ್ಟ್ರೋಜನ್, ಆತನಿಗೆ ಟೆಸ್ಟೊಸ್ಟಿರಾನ್) ಶುರುಮಾಡಿದವರು. ವರ್ಷ ತುಂಬುವಷ್ಟರಲ್ಲಿ ಮಾತು ಬಿಟ್ಟು, ಸಲಹೆಗೆಂದು ನನ್ನ ಬಳಿ ಬಂದರು. ಇಂಥ ಜಗಳ ಪದೇ ಪದೇ ಎದುರಾಗುತ್ತಿರುವುದರಿಂದ ಗುರುತು ಮರೆಸಿ ಬರೆಯುತ್ತಿದ್ದೇನೆ.

“ನಿನಗೇನು ಕಣೋ, ಆರು ತಿಂಗಳಿಗೇ ದನಿ ಒಡೀತು, ಗಡ್ಡ ಚಿಗುರಿತು. ನಾನು ಫೋನ್ ಎತ್ತಿದ್ರೆ ಇನ್ನೂ ‘ಹೇಳಿ ಸರ್’ ಅಂತಾರೆ” ಎಂದಳು ಆಕೆ. ಸುಳ್ಳಲ್ಲ. ಟೆಸ್ಟೊಸ್ಟಿರಾನ್ ಧ್ವನಿತಂತುಗಳನ್ನು ದಪ್ಪ ಮಾಡುತ್ತದೆ. ದಪ್ಪಗಾದದ್ದನ್ನು ಈಸ್ಟ್ರೋಜನ್ ತೆಳ್ಳಗೆ ಮಾಡುವುದಿಲ್ಲ. ಬಂದ ಗಡ್ಡವನ್ನೂ ತೆಗೆಯುವುದಿಲ್ಲ. ಅದಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್ (ಕೂದಲ ಬೇರನ್ನು ವಿದ್ಯುತ್ತಿನಿಂದ ಸುಡುವುದು) ಬೇಕು, ಬಿಳಿಗೂದಲಿಗೆ ಲೇಸರ್ ನಾಟುವುದೂ ಇಲ್ಲ.

ಆತ ಬಹಳ ಹೊತ್ತು ಸುಮ್ಮನಿದ್ದ. “ಬೀದೀಲಿ ನನ್ನನ್ನ ಯಾರೂ ತಿರುಗಿ ನೋಡಲ್ಲ, ಒಪ್ಕೋತೀನಿ ಕಣೇ. ಗರ್ಭಕಂಠದ ತಪಾಸಣೆಗೆ ಹೋದಾಗ ‘ಪೇಷೆಂಟ್ ಎಲ್ಲಿ, ಹೆಂಡತಿ ಬಂದಿಲ್ವಾ’ ಅಂದ್ರು. ಎದ್ದು ಬಂದುಬಿಟ್ಟೆ. ಮತ್ತೆ ಹೋಗಿಲ್ಲ.”

ಆಮೇಲೆ ಆಕೆ ಬಾಯಿಬಿಟ್ಟಳು: ಆತನಷ್ಟು ಬೇಗ ಬದಲಾಗಬೇಕೆಂದು ಒಂದರ ಬದಲು ಎರಡು ಮಾತ್ರೆ ನುಂಗುತ್ತಿದ್ದಳು.

ಹೋಲಿಕೆಯೇ ಬೇಡ ಎಂದು ಬಾಯಿ ಮುಚ್ಚಿಸಬೇಕು ಎನ್ನುವ ಸಲಹೆಗಾರರಿದ್ದಾರೆ. ನಾನು ಒಪ್ಪುವುದಿಲ್ಲ, ಹಾಗೆ ಮಾಡಿದ್ದರೆ ಆ ಎರಡನೇ ಮಾತ್ರೆಯ ವಿಷಯ ಹೊರಬರುತ್ತಲೇ ಇರಲಿಲ್ಲ. ಯಾರದು ಹೆಚ್ಚು ಕಷ್ಟ ಎಂದು ಒಟ್ಟು ಮೊತ್ತ ಹಾಕುವುದೇ ಅಪಾಯ. ಹಾರ್ಮೋನು ತಾನಾಗಿ ಮಾಡುವುದೇನು, ತಾವೇ ದುಡಿಯಬೇಕಾದ್ದೇನು, ಬೇರೆಯವರು ಬದಲಾಗಬೇಕಾದ್ದೇನು ಎಂದು ಇಬ್ಬರಿಂದಲೂ ಬರೆಸಿದೆ. ಆಕೆಯ ಎರಡನೇ ಪಟ್ಟಿ ಉದ್ದವಾಯಿತು, ಆತನ ಮೂರನೆಯದು.

ಆಕೆಗೆ ಮೊದಲು ಹೇಳಿದ್ದು ಮಾತ್ರೆಯ ಬಗ್ಗೆ: ಇವತ್ತೇ ವೈದ್ಯರಿಗೆ ತಿಳಿಸಿ, ಬರೆದುಕೊಟ್ಟ ಪ್ರಮಾಣಕ್ಕೆ ಮರಳಿ. ಸ್ತನ ಬೆಳವಣಿಗೆ 3ರಿಂದ 6 ತಿಂಗಳಿಗೆ ಶುರುವಾಗಿ ಪೂರ್ಣವಾಗಲು 2–3 ವರ್ಷ ಹಿಡಿಯುತ್ತದೆ. ಪ್ರಮಾಣ ಹೆಚ್ಚಿಸಿದರೆ ಅದು ಬೇಗ ಆಗುವುದಿಲ್ಲ, ರಕ್ತ ಹೆಪ್ಪುಗಟ್ಟುವ ಅಪಾಯ ಏರುತ್ತದೆ. ಸಿಗರೇಟು ಸೇರಿದರೆ ಇನ್ನೂ ಕೆಟ್ಟದ್ದು. ಒಂದೇ ಕಾಲು ಊದಿ ನೋಯುವುದು, ಎದೆನೋವು, ದಿಢೀರ್ ಉಸಿರುಕಟ್ಟುವುದು ಕಂಡರೆ ತಡಮಾಡದೆ ತುರ್ತು ಚಿಕಿತ್ಸೆಗೆ ಹೋಗಬೇಕು. ದನಿಗೆ ಸ್ಪೀಚ್ ಥೆರಪಿಸ್ಟ್ ಬಳಿ ಕಲಿತು ದಿನಕ್ಕೆ 10–15 ನಿಮಿಷ ಅಭ್ಯಾಸ ಮಾಡಿ. ಸ್ಥಾಯಿ ಏರಿಸಿದರಷ್ಟೇ ಸಾಲದು, ದನಿ ಎದೆಯಿಂದ ಬಾಯಿಯ ಮುಂಭಾಗಕ್ಕೆ ಬರಬೇಕು. ಗಂಟಲು ನೋವಾದರೆ ನಿಲ್ಲಿಸಿ.

ಆತ ಎದೆ ಚಪ್ಪಟೆ ಕಾಣಲೆಂದು ರಾತ್ರಿಯೂ ಎಲಾಸ್ಟಿಕ್ ಬ್ಯಾಂಡೇಜ್ ಬಿಗಿದು ಮಲಗುತ್ತಿದ್ದ. ಉಸಿರಾಡಿದಂತೆಲ್ಲ ಅದು ಬಿಗಿಯುತ್ತ ಪಕ್ಕೆಲುಬಿಗೆ ಪೆಟ್ಟು ಕೊಡುತ್ತದೆ. ಅದರ ಬದಲು ಅಳತೆಗೆ ಸರಿಯಾದ ಬೈಂಡರ್ (ಎದೆ ಚಪ್ಪಟೆಯಾಗಿಸಲೆಂದೇ ಹೊಲಿದ ಒಳಉಡುಪು), ದಿನಕ್ಕೆ 8 ಗಂಟೆಯೊಳಗೆ, ಮಲಗುವಾಗ ಬೇಡವೇ ಬೇಡ. ಟೆಸ್ಟೊಸ್ಟಿರಾನ್ ಕೆಂಪು ರಕ್ತಕಣ ಹೆಚ್ಚಿಸುವುದರಿಂದ ಮೊದಲ ವರ್ಷ 3 ತಿಂಗಳಿಗೊಮ್ಮೆ ರಕ್ತಪರೀಕ್ಷೆ ಆಗಲಿ. ಮುಟ್ಟು ನಿಂತರೂ ಗರ್ಭಧಾರಣೆಯಾಗಬಹುದು, ಇದನ್ನು ಅನೇಕರು ಮರೆಯುತ್ತಾರೆ.

ತಪಾಸಣೆಯನ್ನಂತೂ ಬಿಡುವಂತಿಲ್ಲ. ಮೊದಲೇ ಫೋನ್ ಮಾಡಿ ದಿನದ ಮೊದಲ ಸಮಯ ಕೇಳಿ. ಟೆಸ್ಟೊಸ್ಟಿರಾನ್ ತೆಗೆದುಕೊಳ್ಳುತ್ತಿರುವುದನ್ನು ಅರ್ಜಿಯಲ್ಲೇ ಬರೆಯಿರಿ, ಏಕೆಂದರೆ ಅದರಿಂದ ಮಾದರಿ ಪರೀಕ್ಷೆಗೆ ಸಾಲದೆ ಹೋಗಬಹುದು. ಮಾದರಿಯನ್ನು ತಾವೇ ತೆಗೆದುಕೊಡುವ ಎಚ್‌ಪಿವಿ (ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ವೈರಸ್) ಪರೀಕ್ಷೆ ಇದೆಯೇ ವಿಚಾರಿಸಿ. ಜೊತೆಗೆ ತಾನು ಬರುತ್ತೇನೆ ಎಂದಳು ಆಕೆ. ಬರಲಿ, ಆದರೆ ನೋಂದಣಿ ಕಿಟಕಿಯಲ್ಲಿ ನೀವೇ ಮುಂದೆ ನಿಂತು ಮಾತಾಡಿ ಎಂದೆ ಆತನಿಗೆ. ಇಲ್ಲವಾದರೆ ಚೀಟಿ ಆಕೆಯ ಹೆಸರಿಗೆ ಬರೆದುಬಿಡುತ್ತಾರೆ.