ಓದುಗರ ಪ್ರಶ್ನೆ: ಬಿ ಖಾತಾ ಮಾಡ್ಸಿದ್ರೆ ಮನೆ ಸಕ್ರಮ ಆಗುತ್ತಾ?

ಪ್ರಶ್ನೆ: ಸಾರ್, ಚಿಕ್ಕಮಗಳೂರಿನ ಅಂಚಲ್ಲಿ ರೆವಿನ್ಯೂ ಸೈಟ್ (ಅಪ್ರೂವಲ್ ಇಲ್ಲದ ಲೇಔಟಿಂದು) ತಗೊಂಡು ಮನೆ ಕಟ್ಟಿದೀವಿ, ರಿಜಿಸ್ಟ್ರೇಷನ್ 2019ರಲ್ಲೇ ಆಗಿದೆ. ಈಗ ಬಿ ಖಾತಾ ಮಾಡ್ಸಿ ಅಂತಿದಾರೆ, ಡಬಲ್ ಟ್ಯಾಕ್ಸ್ ಬೇರೆ ಅಂತೆ. ಮಾಡ್ಸಿದ್ರೆ ಸಕ್ರಮ ಆಯ್ತಾ? ಆಮೇಲೆ ಬೀದಿ ಲೈಟ್ ಕೆಟ್ಟಿದೆ, ಯಾರಿಗೆ ಹೇಳೋದು?

ಉತ್ತರ: ಇಲ್ಲ, ಸಕ್ರಮ ಆಗಲ್ಲ. ಬ್ರೋಕರ್‌ಗಳು ಆಯ್ತು ಆಯ್ತು ಅಂತಾರೆ, ನಂಬಬೇಡಿ. ಬಿ ಖಾತಾ ಅಂದ್ರೆ ನಿಮ್ಮ ಆಸ್ತಿ ನಗರಸಭೆ ಲೆಕ್ಕಕ್ಕೆ ಬಂತು, ಟ್ಯಾಕ್ಸ್ ಕಟ್ತೀರ ಅಂತ ಅಷ್ಟೇ, ಲೇಔಟ್‌ಗೆ ಅಪ್ರೂವಲ್ ಇಲ್ಲದೆ ಇರೋದು ಇಲ್ಲದೆ ಇರೋ ಹಾಗೇ ಇರುತ್ತೆ. ಆದ್ರೂ ಮಾಡ್ಸಿ ಅಂತೀನಿ, ಯಾಕಂದ್ರೆ ನಾಳೆ ಮಾರೋಕೆ, ಮಕ್ಕಳ ಹೆಸರಿಗೆ ಮಾಡೋಕೆ ಹೋದ್ರೆ ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಮೊದಲು ಕೇಳೋದೇ ಇ-ಖಾತಾ, ಅಂದ್ರೆ ಕಂಪ್ಯೂಟರಲ್ಲಿ ಕೊಡೋ ಖಾತಾ. 10 ಸೆಪ್ಟೆಂಬರ್ 2024ಕ್ಕಿಂತ ಮುಂಚೆ ರಿಜಿಸ್ಟರ್ ಆಗಿರೋದಕ್ಕೆ ಬಿ ಖಾತಾ ಕೊಡ್ತಾರೆ, ನಿಮ್ದು ಸರಿಹೋಗುತ್ತೆ. ಡಬಲ್ ಟ್ಯಾಕ್ಸ್ ಮೊದಲ ಸಲ ಮಾತ್ರ, ಆಮೇಲೆ ಮಾಮೂಲಿ. ಕ್ರಯಪತ್ರ, ಇಸಿ (ಋಣಭಾರ ಪತ್ರ), ಮನೆ ಫೋಟೋ, ಆಧಾರ್ ಜೆರಾಕ್ಸ್ ಎಲ್ಲಾ ತಗೊಂಡು ನೀವೇ ಹೋಗಿ, ಏಜೆಂಟ್ ಬೇಡ. ಮುಂದಿನ ವರ್ಷದಿಂದ ಏಪ್ರಿಲಲ್ಲೇ ಕಟ್ಟಿದ್ರೆ ಶೇ. 5 ರಿಯಾಯಿತಿನೂ ಇದೆ.

ಬೀದಿ ಲೈಟ್ ಬಲ್ಬು ನಗರಸಭೇದು, ಕಂಬದ ಲೈನಲ್ಲಿ ಕರೆಂಟೇ ಇಲ್ಲ ಅಂದ್ರೆ ಮೆಸ್ಕಾಂ, 1912ಕ್ಕೆ ಫೋನ್ ಮಾಡಿ. ಕಂಬದ ಮೇಲೆ ಪೇಂಟಲ್ಲಿ ನಂಬರ್ ಬರೆದಿದ್ರೆ ಅದನ್ನೇ ಹೇಳಿ, ಬೇಗ ಹುಡುಕ್ತಾರೆ.