‘ದಿ ಬ್ಯಾಂಡ್ಸ್ ವಿಸಿಟ್’ ಚಿತ್ರವನ್ನು ಹಾಸ್ಯಚಿತ್ರವೆಂದು ಏಕೆ ಕರೆಯುತ್ತಾರೆ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ: ಇಸ್ರೇಲಿನ ನಿರ್ದೇಶಕ ಎರಾನ್ ಕೊಲಿರಿನ್ ಅವರ 2007ರ ಈ ಚಿತ್ರವನ್ನು ಹಾಸ್ಯಚಿತ್ರವೆಂದು ನಂಬಿ ನೋಡಲು ಕುಳಿತಿರಿ, ಮರುಭೂಮಿಯ ಮೂಲೆಯ ಊರೊಂದರಲ್ಲಿ ಜನ ಸುಮ್ಮನೆ ನಿಂತಿರುವುದನ್ನೂ ಕುಳಿತಿರುವುದನ್ನೂ ಬಿಟ್ಟರೆ ಏನೂ ಕಾಣಲಿಲ್ಲ, ಒಂದೆರಡು ಕಡೆ ನಗು ಬಂದರೂ ಏಕೆ ಬಂತೆಂದು ತಿಳಿಯಲಿಲ್ಲ, ಆದ್ದರಿಂದ ಚಿತ್ರ ಇಷ್ಟು ನಿಧಾನವಾಗಿರಬೇಕಿತ್ತೇ ಎಂದು ಕೇಳಿದ್ದೀರಿ. ಇರಬೇಕಿತ್ತು ಎಂಬುದೇ ನನ್ನ ಉತ್ತರ. ಇದರ ಹಾಸ್ಯ ಹುಟ್ಟುವುದು ಪಾತ್ರಗಳ ಪೆದ್ದುತನದಿಂದಲೂ ಅಲ್ಲ, ಮಾತಿನ ಚಮತ್ಕಾರದಿಂದಲೂ ಅಲ್ಲ, ಅವರ ಅತಿಯಾದ ಸಭ್ಯತೆಯಿಂದ. ಸಭ್ಯತೆಗೆ ಅವಸರ ಒಗ್ಗುವುದಿಲ್ಲ.

ಚಿತ್ರವನ್ನು ನೋಡದ ಓದುಗರಿಗಾಗಿ ಕಥೆಯನ್ನು ಸಂಕ್ಷಿಪ್ತವಾಗಿ ಹೇಳುತ್ತೇನೆ. ಈಜಿಪ್ಟಿನ ಅಲೆಕ್ಸಾಂಡ್ರಿಯಾ ನಗರದ ಪೊಲೀಸ್ ವಾದ್ಯವೃಂದವು ಇಸ್ರೇಲಿನ ಪೆತಾ ತಿಕ್ವಾ ನಗರದಲ್ಲಿ ಅರಬ್ ಸಾಂಸ್ಕೃತಿಕ ಕೇಂದ್ರವೊಂದರ ಉದ್ಘಾಟನೆಗೆ ಆಹ್ವಾನಿತವಾಗಿ ಬರುತ್ತದೆ. ವಿಮಾನ ನಿಲ್ದಾಣದಲ್ಲಿ ಎದುರುಗೊಳ್ಳಲು ಯಾರೂ ಬಂದಿಲ್ಲ. ಊರಿನ ಹೆಸರನ್ನು ಕೇಳುವುದರಲ್ಲಿ ಆದ ಎಡವಟ್ಟಿನಿಂದ ಬಸ್ಸು ಅವರನ್ನು ಬೆತ್ ಹತಿಕ್ವಾ ಎಂಬ ಮರುಭೂಮಿಯ ಊರಿಗೆ ತಂದಿಳಿಸುತ್ತದೆ. ಅಂದು ಮತ್ತೆ ಬಸ್ಸಿಲ್ಲ, ಊರಿನಲ್ಲಿ ವಸತಿಗೃಹವೂ ಇಲ್ಲ. ಅಲ್ಲಿನ ಸಣ್ಣ ಹೋಟೆಲಿನ ಒಡತಿ ದಿನಾ, ಕೆಲವರನ್ನು ತನ್ನ ಮನೆಗೆ ಕರೆದೊಯ್ದು, ಕೆಲವರನ್ನು ಪರಿಚಯದವನ ಮನೆಗೆ ಕಳುಹಿಸಿ, ಉಳಿದವರನ್ನು ಹೋಟೆಲಿನಲ್ಲೇ ಮಲಗಿಸುತ್ತಾಳೆ. ರಾತ್ರಿ ಕಳೆಯುತ್ತದೆ, ಬೆಳಿಗ್ಗೆ ಅವರು ಹೊರಡುತ್ತಾರೆ. ಸುಮಾರು ಒಂದೂವರೆ ಗಂಟೆಯ ಚಿತ್ರದಲ್ಲಿ ನಡೆಯುವುದು ಇಷ್ಟೇ. ಈ ಘಟನೆ ಹೆಚ್ಚಿನವರಿಗೆ ನೆನಪಿಲ್ಲ, ಅದು ಅಷ್ಟೇನೂ ಮುಖ್ಯವಾದುದಲ್ಲ ಎಂದು ಆರಂಭದ ಬರಹವೇ ಮುಂಚಿತವಾಗಿ ಹೇಳಿಬಿಡುತ್ತದೆ. ಇಷ್ಟು ಗಂಭೀರವಾಗಿ ತನ್ನನ್ನು ತಾನೇ ತಳ್ಳಿಹಾಕಿಕೊಳ್ಳುವ ಆ ವಾಕ್ಯವನ್ನೇ ನಾನು ಚಿತ್ರದ ಮೊದಲ ಹಾಸ್ಯವೆಂದು ಲೆಕ್ಕ ಹಾಕುತ್ತೇನೆ.

ಈಗ ತಂಡದ ಮುಖ್ಯಸ್ಥ ತೌಫೀಕ್‌ನನ್ನು ಗಮನಿಸಿ. ತಿಳಿನೀಲಿ ಸಮವಸ್ತ್ರಕ್ಕೆ ಒಂದು ಗುಂಡಿಯೂ ಬಿಚ್ಚದೆ, ಟೋಪಿಯನ್ನು ಓರೆಯಾಗಲು ಬಿಡದೆ, ಚಕ್ರದ ಪೆಟ್ಟಿಗೆಗಳನ್ನು ಎಳೆಯುತ್ತಿರುವ ತನ್ನವರನ್ನು ಸಾಲು ತಪ್ಪದಂತೆ ನಿರ್ಜನ ರಸ್ತೆಯಲ್ಲಿ ನಡೆಸಿಕೊಂಡು ಬರುವ ಈ ಮನುಷ್ಯನಿಗೆ, ತಾನು ಒಂದು ದೇಶವನ್ನು ಪ್ರತಿನಿಧಿಸುತ್ತಿದ್ದೇನೆ ಎಂಬ ಪ್ರಜ್ಞೆ ಒಂದು ಗಳಿಗೆಯೂ ತಪ್ಪುವುದಿಲ್ಲ. ಅವನನ್ನು ನೋಡಲು ಅಲ್ಲಿ ಯಾರೂ ಇಲ್ಲ ಎಂಬುದೇ ತಮಾಷೆ. ಅರಬ್ ಸಾಂಸ್ಕೃತಿಕ ಕೇಂದ್ರ ಎಲ್ಲಿದೆಯೆಂದು ಅವನು ವಿಧಿವತ್ತಾಗಿ ವಿಚಾರಿಸಿದಾಗ, ಇಲ್ಲಿ ಅರಬ್ ಸಂಸ್ಕೃತಿಯೂ ಇಲ್ಲ, ಇಸ್ರೇಲಿ ಸಂಸ್ಕೃತಿಯೂ ಇಲ್ಲ, ಸಂಸ್ಕೃತಿ ಎಂಬುದೇ ಇಲ್ಲ ಎಂಬ ಅರ್ಥದ ಉತ್ತರವನ್ನು ದಿನಾ ಮುಖದ ಒಂದು ಗೆರೆಯೂ ಕದಲದಂತೆ ಕೊಡುತ್ತಾಳೆ. ಅವನು ನಗುವುದಿಲ್ಲ, ಅವಳೂ ನಗುವುದಿಲ್ಲ. ಇಬ್ಬರಲ್ಲಿ ಒಬ್ಬರು ನಕ್ಕಿದ್ದರೂ ನಮಗೆ ನಗು ಬರುತ್ತಿರಲಿಲ್ಲ.

ನಮ್ಮ ಕನ್ನಡ ಚಿತ್ರಗಳಲ್ಲಿ ಹಾಸ್ಯವೆಂದರೆ ಬಹುಪಾಲು ಮಾತು. ಎಲ್ಲಿ ನಗಬೇಕೆಂಬುದನ್ನು ಹಿನ್ನೆಲೆ ಸಂಗೀತ ಮೊದಲೇ ಸೂಚಿಸುತ್ತದೆ. ಮಾತು ಮುಗಿದೊಡನೆ ಎದುರಿನವನ ಮುಖದ ಹತ್ತಿರದ ಚಿತ್ರ ಬರುತ್ತದೆ. ಕೊಲಿರಿನ್ ಮತ್ತು ಛಾಯಾಗ್ರಾಹಕ ಶೈ ಗೋಲ್ಡ್‌ಮನ್ ಈ ಎರಡು ಸೌಕರ್ಯಗಳನ್ನೂ ಕೈಬಿಟ್ಟಿದ್ದಾರೆ. ಕ್ಯಾಮೆರಾ ಸಾಮಾನ್ಯವಾಗಿ ದೂರದಲ್ಲಿ, ಎದುರಾಗಿ, ಅಲುಗದೆ ನಿಲ್ಲುತ್ತದೆ. ಜನರು ಗುಂಪು ಭಾವಚಿತ್ರಕ್ಕೆ ನಿಂತವರಂತೆ ಸಾಲಾಗಿ ಕಾಣುತ್ತಾರೆ. ಹಿಂದೆ ಖಾಲಿ ನೆಲ, ಬಿಳಿಚಿದ ಗೋಡೆ, ಕಣ್ಣು ಕುಕ್ಕುವ ಬಿಸಿಲು. ಮಾತು ಮುಗಿದ ಮೇಲೂ ದೃಶ್ಯ ಕತ್ತರಿಸದೆ ಕೆಲವು ಕ್ಷಣ ಮುಂದುವರಿಯುತ್ತದೆ, ಮತ್ತು ಹಾಸ್ಯವಿರುವುದು ಹೀಗೆ ಹೆಚ್ಚಾಗಿ ಉಳಿದ ಆ ಕ್ಷಣಗಳಲ್ಲೇ: ಮುಂದೇನು ಮಾಡಬೇಕೆಂದು ತಿಳಿಯದ, ಆದರೆ ತಿಳಿಯದೆಂದು ತೋರಿಸಿಕೊಳ್ಳಲಾರದ ಸಭ್ಯ ಜನರ ಮುಖಗಳಲ್ಲಿ. ಪರಿಚಯವಿಲ್ಲದ ಮನೆಯಲ್ಲಿ ಕುಳಿತ ಅತಿಥಿಯು ಇನ್ನೊಂದು ಲೋಟ ನೀರು ಕೇಳಲು ಹಿಂಜರಿಯುವ ಸಂಕೋಚವೇ ಇಡೀ ಚಿತ್ರದ ಗತಿಯನ್ನು ನಿರ್ಧರಿಸಿದೆ. ಸಂಕಲನಕಾರ ಆ ಹಿಂಜರಿಕೆಯನ್ನು ಕತ್ತರಿಸಿ ಬಿಸಾಡಿದ್ದರೆ, ನೀರು ಕೇಳಿದ್ದು, ಕೊಟ್ಟದ್ದು, ಕುಡಿದದ್ದು ಮಾತ್ರ ಉಳಿಯುತ್ತಿತ್ತು.

ಸ್ಕೇಟಿಂಗ್ ಅಂಗಳದ ದೃಶ್ಯ ಇದಕ್ಕೆ ಅತ್ಯುತ್ತಮ ನಿದರ್ಶನ. ಊರಿನವನೇ ಆದ ಪಾಪಿ ಎಂಬ ಹೆಸರಿನ ತರುಣನಿಗೆ ಹುಡುಗಿಯರ ಎದುರು ಬಾಯಿ ಕಟ್ಟಿಹೋಗುತ್ತದೆ. ಅವನು ಬೆಂಚಿನ ಮೇಲೆ ಕುಳಿತಿದ್ದಾನೆ. ಒಂದು ಪಕ್ಕದಲ್ಲಿ ಅವನಿಂದ ನೊಂದು ಅಳುತ್ತಿರುವ ಹುಡುಗಿ, ಇನ್ನೊಂದು ಪಕ್ಕದಲ್ಲಿ ಸಮವಸ್ತ್ರದಲ್ಲಿರುವ ಖಾಲೆದ್, ತಂಡದ ಕಿರಿಯ, ಕಂಡ ಹೆಣ್ಣುಗಳನ್ನೆಲ್ಲ ಅಮೆರಿಕದ ಜಾಝ್ ಕಲಾವಿದ ಚೆಟ್ ಬೇಕರ್ ಸಂಗೀತ ನಿಮಗೆ ಇಷ್ಟವೇ ಎಂದು ಕೇಳುವ ರಸಿಕ. ಖಾಲೆದ್ ಕರವಸ್ತ್ರ ಕೊಡುತ್ತಾನೆ, ಪಾಪಿ ಅದನ್ನು ಹುಡುಗಿಗೆ ದಾಟಿಸುತ್ತಾನೆ. ಖಾಲೆದ್ ಪಾಪಿಯ ಮೊಣಕಾಲಿನ ಮೇಲೆ ಕೈ ಇಡುತ್ತಾನೆ, ಪಾಪಿ ಹುಡುಗಿಯ ಮೊಣಕಾಲಿನ ಮೇಲೆ ಕೈ ಇಡುತ್ತಾನೆ. ಖಾಲೆದ್ ಮೃದುವಾಗಿ ಸವರಿದಂತೆ ಪಾಪಿಯೂ ಸವರುತ್ತಾನೆ. ಮೂವರೂ ಎದುರಿಗೇ ನೋಡುತ್ತಿದ್ದಾರೆ, ಒಬ್ಬರೂ ಮಾತನಾಡುವುದಿಲ್ಲ, ಕ್ಯಾಮೆರಾ ಕದಲುವುದಿಲ್ಲ. ಪ್ರಣಯದ ಪಾಠವೊಂದು ಕಚೇರಿಯ ಕಡತದಂತೆ ಕೈಯಿಂದ ಕೈಗೆ ಸರಿದುಹೋಗುತ್ತಿರುವುದು ನಮಗೆ ಕಾಣುವುದು ಮೂವರೂ ಒಂದೇ ಚೌಕಟ್ಟಿನಲ್ಲಿರುವುದರಿಂದ. ಇದನ್ನೇ ಮುಖದಿಂದ ಮುಖಕ್ಕೆ ಜಿಗಿಯುವ ತುಣುಕುಗಳಾಗಿ ಚಿತ್ರಿಸಿದ್ದರೆ ಅಶ್ಲೀಲವೋ ಅತಿಭಾವುಕವೋ ಆಗುವ ಅಪಾಯವಿತ್ತು. ಈಜಿಪ್ಟಿನವನು ಇಸ್ರೇಲಿನವನಿಗೆ ನೆರವಾದನೆಂಬ ಸಂದೇಶವನ್ನು ಯಾರೂ ಬಾಯಿಬಿಟ್ಟು ಹೇಳದಿರುವುದು ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದ ಸಂಗತಿ.

ರಾಜಕೀಯವೂ ಇದೇ ಬಗೆಯಲ್ಲಿ, ಸದ್ದಿಲ್ಲದೆ ಬರುತ್ತದೆ. ಎರಡು ದೇಶಗಳ ನಡುವೆ 1979ರಲ್ಲಿ ಶಾಂತಿ ಒಪ್ಪಂದವಾಗಿದ್ದರೂ, ಅದಕ್ಕೆ ಮೊದಲಿನ ಯುದ್ಧಗಳ ನೆನಪು ಎರಡೂ ಕಡೆ ಇದ್ದೇ ಇದೆ. ಹೋಟೆಲಿನ ಗೋಡೆಯಲ್ಲಿ ಯುದ್ಧಟ್ಯಾಂಕಿನ ಛಾಯಾಚಿತ್ರವೊಂದಿದೆ. ವಾದಕನೊಬ್ಬ ತನ್ನ ಟೋಪಿಯನ್ನು ತೆಗೆದು ಅದರ ಮೇಲೆ ನೇತುಹಾಕುತ್ತಾನೆ. ಪ್ರತಿಭಟನೆಯೂ ಆಯಿತು, ಟೋಪಿ ಇಡಲು ಜಾಗವೂ ಸಿಕ್ಕಿತು. ಯಾರೂ ಅದರ ಬಗ್ಗೆ ಚಕಾರವೆತ್ತುವುದಿಲ್ಲ.

ನಿಧಾನಕ್ಕೆ ಇನ್ನೊಂದು ಕಾರಣ ಕಥೆಯೊಳಗೇ ಇದೆ. ಬಂದವರದು ಅರಬ್ಬಿ, ಊರಿನವರದು ಹೀಬ್ರೂ. ಪರಸ್ಪರ ಮಾತಿಗೆ ಉಳಿದಿರುವುದು ಎರಡೂ ಕಡೆಯವರಿಗೆ ಅರೆಬರೆ ತಿಳಿದ ಇಂಗ್ಲಿಷ್. ಪ್ರತಿಯೊಬ್ಬರೂ ಪದ ಹುಡುಕಿ, ತೂಗಿ, ತಪ್ಪಾಗಿ ಜೋಡಿಸಿ ಮಾತನಾಡಬೇಕಾದಾಗ ಸಂಭಾಷಣೆ ಓಡುವುದಾದರೂ ಹೇಗೆ? ಇದಕ್ಕೆ ಚಿತ್ರ ದುಬಾರಿ ಬೆಲೆಯನ್ನೂ ತೆತ್ತಿತು. ಇಸ್ರೇಲಿನ ಓಫಿರ್ ಪ್ರಶಸ್ತಿಗಳಲ್ಲಿ ಎಂಟನ್ನು ಬಾಚಿಕೊಂಡ ಈ ಚಿತ್ರ ಆಸ್ಕರ್‌ನ ವಿದೇಶಿ ಭಾಷಾ ವಿಭಾಗಕ್ಕೆ ಆ ದೇಶದ ಆಯ್ಕೆಯಾಗಿತ್ತು. ಆದರೆ ಸಂಭಾಷಣೆಯ ಅರ್ಧಕ್ಕಿಂತ ಹೆಚ್ಚು ಭಾಗ ಇಂಗ್ಲಿಷಿನಲ್ಲಿದೆ ಎಂಬ ಕಾರಣಕ್ಕೆ ಅದನ್ನು ಅನರ್ಹಗೊಳಿಸಲಾಯಿತು. ಅದರ ಬದಲಿಗೆ ಹೋದ ‘ಬೋಫೋರ್ಟ್’ ನಾಮನಿರ್ದೇಶನ ಪಡೆಯಿತು. ಆ ಇಂಗ್ಲಿಷನ್ನು ಇಂಗ್ಲಿಷ್ ಎಂದು ಪರಿಗಣಿಸಿದ ಸಮಿತಿಯ ಔದಾರ್ಯ ಈ ಚಿತ್ರದಲ್ಲೇ ಒಂದು ದೃಶ್ಯವಾಗಬಹುದಿತ್ತು.

ಊರು ಕಾಲ್ಪನಿಕವಾದರೂ ಅಂಥ ಊರುಗಳು ನಿಜ. ಚಿತ್ರೀಕರಣ ನಡೆದದ್ದು ನೆಗೆವ್ ಮರುಭೂಮಿಯ ಯೆರುಹಾಮ್‌ನಲ್ಲಿ. 1950ರ ದಶಕದಲ್ಲಿ, ಮೊರಾಕೊ ಮೊದಲಾದ ದೇಶಗಳಿಂದ ಬಂದ ಯಹೂದಿ ವಲಸಿಗರನ್ನು ನೆಲೆಗೊಳಿಸಲು ಸರ್ಕಾರ ದೂರದ ಪ್ರದೇಶಗಳಲ್ಲಿ ಕಟ್ಟಿಸಿದ ಊರುಗಳಲ್ಲಿ ಅದೂ ಒಂದು. ಆದ್ದರಿಂದ ಅಲ್ಲಿನ ಜನರಿಗೆ ಅರಬ್ ಸಂಗೀತವಾಗಲಿ ಸಿನಿಮಾವಾಗಲಿ ಪರಕೀಯವಲ್ಲ. ಶುಕ್ರವಾರ ದೂರದರ್ಶನದಲ್ಲಿ ಈಜಿಪ್ಟಿನ ಚಿತ್ರ ಬರುವಾಗ ಬೀದಿಗಳೆಲ್ಲ ಬರಿದಾಗುತ್ತಿದ್ದವು, ಒಮರ್ ಷರೀಫ್ ಮತ್ತು ಫಾತೆನ್ ಹಮಾಮಾ ಅವರ ಪ್ರಣಯಕ್ಕೆ ತಾವೆಲ್ಲ ಮರುಳಾಗಿದ್ದೆವು ಎಂದು ದಿನಾ ಹೇಳುವಾಗ, ಅವಳು ಅತಿಥಿಯ ಮೆಚ್ಚುಗೆಗಾಗಿ ಹೇಳುತ್ತಿಲ್ಲ. ನಟವರ್ಗದ ಹಿನ್ನೆಲೆಯೂ ಸ್ವಾರಸ್ಯಕರವಾಗಿದೆ: ಈಜಿಪ್ಟಿನ ತೌಫೀಕ್ ಆಗಿರುವ ಸಸೋನ್ ಗಬಾಯ್ ಹುಟ್ಟಿದ್ದು ಬಾಗ್ದಾದಿನಲ್ಲಿ, ದಿನಾ ಆಗಿರುವ ರೋನಿತ್ ಎಲ್ಕಬೆಟ್ಸ್ ಮೊರಾಕೊ ಮೂಲದ ಕುಟುಂಬದವರು, ಖಾಲೆದ್ ಪಾತ್ರದ ಸಾಲೆಹ್ ಬಕ್ರಿ ಪ್ಯಾಲೆಸ್ಟೀನಿ ಕಲಾವಿದ. ಎಲ್ಕಬೆಟ್ಸ್ 2016ರಲ್ಲಿ ತೀರಿಕೊಂಡರು. ಕುರ್ಚಿಯಲ್ಲಿ ಒರಗಿ ಕುಳಿತೇ ಒಂದು ಊರಿನ ಬೇಸರವನ್ನೆಲ್ಲ ತೋರಿಸಬಲ್ಲ ನಟಿಯರು ಹೆಚ್ಚಿಲ್ಲ.

ಚಿತ್ರದ ಎಲ್ಲವನ್ನೂ ಸಮರ್ಥಿಸುವ ಇರಾದೆ ನನಗಿಲ್ಲ. ಉದ್ಯಾನವೆಂದು ದಿನಾ ಹೆಸರಿಟ್ಟ ಖಾಲಿ ಜಾಗದ ಬೆಂಚಿನ ಮೇಲೆ, ವಾದ್ಯವೃಂದವನ್ನು ನಿರ್ದೇಶಿಸುವಾಗ ಹೇಗನ್ನಿಸುತ್ತದೆಂದು ಅವಳು ಕೇಳಿದಾಗ ತೌಫೀಕ್ ಮಾತಿನಲ್ಲಿ ಹೇಳಲಾಗದೆ ಗಾಳಿಯಲ್ಲಿ ಕೈ ಆಡಿಸುವುದೂ, ಅವಳು ಅದನ್ನೇ ಅನುಕರಿಸುವುದೂ ನಗುವಿನಿಂದ ಬೇರೊಂದು ಭಾವಕ್ಕೆ ನಮಗೆ ಅರಿವಿಲ್ಲದಂತೆ ದಾಟಿಸುತ್ತವೆ. ಆದರೆ ಅನಂತರ ಅವನು ತನ್ನ ಮಗನ ಮತ್ತು ಹೆಂಡತಿಯ ಸಾವಿನ ಕಥೆಯನ್ನು ಪೂರ್ತಿಯಾಗಿ ಹೇಳಿಬಿಡುವುದು ಅನಗತ್ಯವೆಂದು ನನ್ನ ಅಭಿಪ್ರಾಯ. ಆ ಗುಂಡಿ ಹಾಕಿದ ಅಂಗಿಯ ಹಿಂದೆ ದುಃಖವೊಂದಿದೆಯೆಂದು ನಮಗೆ ಆಗಲೇ ಗೊತ್ತಾಗಿರುತ್ತದೆ. ಇದಕ್ಕೆ ಹೋಲಿಸಿದರೆ ಸಿಮೋನ್ ಎಂಬ ವಾದಕನ ಉಪಕಥೆ ಹೆಚ್ಚು ಹದವಾಗಿದೆ: ಅವನು ಎಷ್ಟೋ ಕಾಲದ ಹಿಂದೆ ಆರಂಭಿಸಿದ ಸಂಗೀತ ಕೃತಿ ಪೂರ್ಣಗೊಂಡೇ ಇಲ್ಲ, ಆಶ್ರಯ ಕೊಟ್ಟ ಮನೆಯವನು, ಆ ಕೃತಿ ಆರ್ಭಟದಿಂದ ಮುಗಿಯಬೇಕಿಲ್ಲ, ಮಗು ಮಲಗಿರುವ ಈ ಸಣ್ಣ ಕೋಣೆಯಂತೆ ಥಟ್ಟನೆ ನಿಂತರೂ ಆದೀತು ಎಂಬ ಸಲಹೆ ಕೊಡುತ್ತಾನೆ. ನಿರುದ್ಯೋಗಿಯೊಬ್ಬ ಸಂಗೀತಗಾರನಿಗೆ ರಚನೆಯ ಪಾಠ ಹೇಳುವ ಸನ್ನಿವೇಶ ತಮಾಷೆಯದೇ, ಆದರೆ ಅವನ ಮಾತು ಸರಿಯಾಗಿಯೂ ಇದೆ.

ಮತ್ತೊಮ್ಮೆ ನೋಡುವ ಮನಸ್ಸಿದ್ದರೆ, ಬೇರೆ ಭಾಷೆಗೆ ಡಬ್ ಆದ ಪ್ರತಿಯನ್ನು ಖಂಡಿತ ನೋಡಬೇಡಿ. ಮೂರು ಭಾಷೆಗಳ ಒದ್ದಾಟ ಒಂದೇ ಭಾಷೆಯಾಗಿಬಿಟ್ಟರೆ ಉಳಿಯುವುದು ಕಾರಣವಿಲ್ಲದ ಮೌನ ಮಾತ್ರ. ಅಡಿಬರಹವಿರುವ ಪ್ರತಿಯನ್ನು ಸಾಧ್ಯವಾದಷ್ಟು ದೊಡ್ಡ ಪರದೆಯಲ್ಲಿ ನೋಡಿ, ಏಕೆಂದರೆ ದೂರದ ಚೌಕಟ್ಟುಗಳ ಅಂಚಿನಲ್ಲಿ ನಿಂತವರ ಮುಖಗಳು ಮೊಬೈಲಿನಲ್ಲಿ ಕಾಣಿಸುವುದೇ ಇಲ್ಲ. ನಿಧಾನಗತಿ ಆಗಲೂ ಹಿಡಿಸದಿದ್ದರೆ, ಇದನ್ನೇ ಆಧರಿಸಿದ ಸಂಗೀತ ನಾಟಕವೊಂದಿದೆ. 2017ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇ ರಂಗಭೂಮಿಗೆ ಬಂದ ಅದು ಮರುವರ್ಷ ಅಲ್ಲಿನ ನಾಟಕಗಳಿಗೆ ಕೊಡುವ ಟೋನಿ ಪ್ರಶಸ್ತಿಗಳಲ್ಲಿ 10ನ್ನು ಪಡೆಯಿತು, ಮುಂದೆ ಗಬಾಯ್ ಅವರೇ ಅಲ್ಲಿಯೂ ತೌಫೀಕ್ ಪಾತ್ರ ವಹಿಸಿದರು. ಚಿತ್ರದಲ್ಲಿ ಪಾತ್ರಗಳು ನುಂಗಿಕೊಂಡದ್ದನ್ನು ಅಲ್ಲಿ ಹಾಡಿ ಹೇಳುತ್ತಾರೆ. ಹಾಡುಗಳು ಚೆನ್ನಾಗಿವೆ, ಆದರೆ ನೀವು ಕೇಳಿದ ಬಗೆಯ ಹಾಸ್ಯಕ್ಕೆ ನಾನು ಚಿತ್ರವನ್ನೇ ಆರಿಸುತ್ತೇನೆ.